ಜಾಬ್ ಸಾಗಿದ ದಾರಿಯಲ್ಲಿ ಆಡಿಟ್



ಹಲವು ವರ್ಷಗಳ ಹಿಂದಿನ ಮಾತು. ವಾಲ್ವ್ ಬಾಡಿ ಮೆಷಿನಿಂಗ್ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಆಡಿಟ್ ಮಾಡಿದೆ. ಬೆಳಿಗ್ಗೆ ಡಿಸೈನ್, ಆಮೇಲೆ ಪ್ರೊಡಕ್ಷನ್, ಊಟ ಮುಗಿದ ಮೇಲೆ ಇನ್‌ಸ್ಪೆಕ್ಷನ್, ಸಂಜೆ ಖರೀದಿ ವಿಭಾಗ. ಎಲ್ಲ ಕಡೆಯೂ ದಾಖಲೆಗಳು ಅಚ್ಚುಕಟ್ಟಾಗಿದ್ದವು. ಒಂದೂ ಎನ್‌ಸಿ (ಅನನುಸರಣೆ) ಬರೆಯದೆ ವರದಿಗೆ ಸಹಿ ಹಾಕಿ ಬಂದೆ. ತಿಂಗಳು ತುಂಬುವಷ್ಟರಲ್ಲಿ ಗ್ರಾಹಕರು ಇಡೀ ಲಾಟನ್ನು ವಾಪಸ್ ಕಳಿಸಿದರು. ಬೋರ್ ದೊಡ್ಡದಾಗಿತ್ತು.

ಮತ್ತೆ ಹೋದೆ. 25 ಮಿ.ಮೀ. ಬೋರಿನ ಟಾಲರೆನ್ಸನ್ನು ಗ್ರಾಹಕರು ಎಚ್8ರಿಂದ ಎಚ್7ಕ್ಕೆ ಬಿಗಿ ಮಾಡಿದ್ದರು. ಮೇಲಿನ ಮಿತಿ 25.033ರಿಂದ 25.021ಕ್ಕೆ ಇಳಿದಿತ್ತು. ಡಿಸೈನ್‌ನವರು ಹೊಸ ಡ್ರಾಯಿಂಗ್ ಹಂಚಿದ್ದರು, ರಿಜಿಸ್ಟರಿನಲ್ಲಿ ಸಹಿ ಇತ್ತು. ಮೆಷಿನ್ ಪಕ್ಕದಲ್ಲಿ ಹೊಸ ಡ್ರಾಯಿಂಗೇ ಇತ್ತು. ಹೊಸ ಪ್ಲಗ್ ಗೇಜಿಗೆ ಇಂಡೆಂಟ್ ಹೋಗಿತ್ತು, ಖರೀದಿಯವರು ಕೊಟೇಶನ್‌ಗೆ ಕಾಯುತ್ತಿದ್ದರು. ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದದ್ದು ಮಾತ್ರ ಹಳೆಯ ಗೇಜು. ಅದರ ಕ್ಯಾಲಿಬ್ರೇಷನ್ ಸ್ಟಿಕ್ಕರಿನ ದಿನಾಂಕ ಇನ್ನೂ ಮುಗಿದಿರಲಿಲ್ಲ. ಕೈಗೆ ತೆಗೆದುಕೊಂಡು ತಿರುಗಿಸಿದೆ. ನೋ-ಗೋ ಬದಿಯ ಹಿಡಿಯ ಮೇಲೆ 25.033 ಎಂದು ಕೊರೆದಿತ್ತು. ಆಡಿಟ್ ದಿನವೂ ಆ ಅಂಕಿ ಅಲ್ಲೇ ಇತ್ತು. ನಾನು ಸ್ಟಿಕ್ಕರ್ ಓದಿದ್ದೆ, ಅಂಕಿ ಓದಿರಲಿಲ್ಲ.

ನಾಲ್ಕೂ ವಿಭಾಗಗಳನ್ನು ನೋಡಿದ್ದೆ. ಒಂದು ಬದಲಾವಣೆ ಈ ನಾಲ್ಕನ್ನೂ ಹೇಗೆ ದಾಟಿ ಬಂತು ಎಂದು ನೋಡಿರಲಿಲ್ಲ. ಇಂದಿನ ವಿಚಾರ ಸಂಕಿರಣದ ಆಶಯ ನನ್ನ ಪಾಲಿಗೆ ಇಷ್ಟೇ: ಆಡಿಟರ್ ವಿಭಾಗದಿಂದ ವಿಭಾಗಕ್ಕೆ ಹೋಗಬಾರದು, ಜಾಬ್ ಹೋದ ದಾರಿಯಲ್ಲಿ ಹೋಗಬೇಕು.

ಇದು ಹೊಸ ಮಾತಲ್ಲ. ಐಎಸ್‌ಒ 9001 ಮೊದಲು ಬಂದದ್ದು 1987ರಲ್ಲಿ. 1994ರ ಆವೃತ್ತಿಯವರೆಗೂ ಅದು 20 ಅಂಶಗಳ ಪಟ್ಟಿಯಂತಿತ್ತು. ಪಟ್ಟಿ ಹಿಡಿದು ಟಿಕ್ ಹಾಕುವ ಅಭ್ಯಾಸ ನಮಗೆ ಅಂಟಿದ್ದು ಆಗಲೇ. 2000ದಲ್ಲಿ ಪ್ರಕ್ರಿಯೆಯ ದೃಷ್ಟಿ ಬಂತು. 2015ರ ಆವೃತ್ತಿಯ 4.4ನೇ ಕಲಮು ಪ್ರಕ್ರಿಯೆಗಳು ಯಾವುವು, ಅವುಗಳಿಗೆ ಒಳಬರುವುದೇನು, ಅವುಗಳಿಂದ ಹೊರಬರುವುದೇನು, ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ಕೇಳುತ್ತದೆ. ಆದರೂ ನಮ್ಮ ಎಷ್ಟೋ ಆಡಿಟ್ ವೇಳಾಪಟ್ಟಿಗಳಲ್ಲಿ ಇವತ್ತಿಗೂ ಇರುವುದು ವಿಭಾಗಗಳ ಹೆಸರು. ಪ್ರತಿ ವಿಭಾಗಕ್ಕೂ ಒಂದೊಂದು ಗಂಟೆ. 9.2ನೇ ಕಲಮು ಪ್ರಕ್ರಿಯೆಯ ಮಹತ್ವ, ಆಗಿರುವ ಬದಲಾವಣೆ, ಹಿಂದಿನ ಆಡಿಟ್‌ಗಳ ಫಲಿತಾಂಶ ನೋಡಿ ಯೋಜನೆ ಮಾಡಿ ಎನ್ನುತ್ತದೆ. ಹೊಸ ಡ್ರಾಯಿಂಗ್ ಬಂದ ಲೈನಿಗೂ ವರ್ಷಗಟ್ಟಲೆ ಒಂದೇ ಜಾಬ್ ಓಡುತ್ತಿರುವ ಲೈನಿಗೂ ಸಮ ಹೊತ್ತು ಕೊಡುವುದು ನ್ಯಾಯವಲ್ಲ.

ಆಡಿಟ್‌ಗೆ ಹೋದಾಗ ಸ್ಯಾಂಪಲ್ಲನ್ನು ಆ ವಿಭಾಗದವರು ತೆಗೆದುಕೊಡಲು ಬಿಡಬೇಡಿ, ನೀವೇ ಆರಿಸಿ. ಹಗಲು ಪಾಳಿ ಮಾತ್ರ ನೋಡಿ ಮುಗಿಸಬೇಡಿ. ವಾಹನ ಉದ್ಯಮದ ಐಎಟಿಎಫ್ 16949 ತಯಾರಿಕಾ ಪ್ರಕ್ರಿಯೆಯ ಆಡಿಟ್ ಎಲ್ಲ ಶಿಫ್ಟುಗಳನ್ನೂ ಮುಟ್ಟಬೇಕು, ಪಾಳಿ ಬದಲಾಗುವ ಹೊತ್ತನ್ನೂ ನೋಡಬೇಕು ಎಂದಿದೆ. ಆ ಮಾನದಂಡಕ್ಕೆ ಒಳಪಡದ ಕಾರ್ಖಾನೆಯಲ್ಲೂ ಇದು ಒಳ್ಳೆಯ ಪದ್ಧತಿ. ಹೋಗುವವನು ಬರುವವನಿಗೆ ಏನು ಹೇಳಿ ಹೋದ, ಏನು ಹೇಳುವುದು ಮರೆತ ಎಂಬುದು ಆ ಹತ್ತು ನಿಮಿಷ ಅಲ್ಲಿ ನಿಂತವರಿಗಷ್ಟೇ ಗೊತ್ತಾಗುತ್ತದೆ.

ಅಂಕಿಗಳ ಮುಂದೆಯೂ ನಾವು ಬೇಗ ತೃಪ್ತರಾಗುತ್ತೇವೆ. ಡೆಲಿವರಿ ಗುರಿ ಪ್ರತಿ ತಿಂಗಳೂ ಮುಟ್ಟಿದೆ ಎಂದು ಗೋಡೆಯ ಮೇಲಿನ ಚಾರ್ಟು ಹೇಳಿದರೆ, ಯಾವ ದಿನಾಂಕದ ಮೇಲೆ ಲೆಕ್ಕ ಹಾಕಿದ್ದೀರಿ ಎಂದು ಕೇಳಿ. ಗ್ರಾಹಕರು ಮೊದಲು ಕೇಳಿದ ದಿನಾಂಕವೋ, ತಡವಾದ ಮೇಲೆ ಫೋನಿನಲ್ಲಿ ಒಪ್ಪಿಸಿಕೊಂಡ ದಿನಾಂಕವೋ? ಎರಡೂ ದಿನಾಂಕಗಳನ್ನು ಅಕ್ಕಪಕ್ಕ ಬರೆದಾಗ ಪ್ರಕ್ರಿಯೆಯ ನಿಜವಾದ ಆರೋಗ್ಯ ಕಾಣುತ್ತದೆ.

ನನಗೆ ಹೆಚ್ಚು ನೋವು ಕೊಡುವುದು ಎನ್‌ಸಿ ಮುಚ್ಚುವ ರೀತಿ. ಕಾರಣ: ಆಪರೇಟರ್ ನಿರ್ಲಕ್ಷ್ಯ. ಕ್ರಮ: ತರಬೇತಿ ನೀಡಲಾಗಿದೆ. ಎಷ್ಟು ಫೈಲುಗಳಲ್ಲಿ ಈ ಎರಡು ಸಾಲು ಓದಿದ್ದೇನೋ! ನಾನು ಹೇಳಿದ ಪ್ರಸಂಗದಲ್ಲೂ ಮೊದಲು ಹಾಗೆಯೇ ಬರೆದಿದ್ದರು, ಇನ್‌ಸ್ಪೆಕ್ಟರ್ ಹೆಸರಿನ ಎದುರು. ಆತ ತನಗೆ ಕೊಟ್ಟ ಗೇಜಿನಿಂದ ಪ್ರಾಮಾಣಿಕವಾಗಿ ಒಂದೊಂದೇ ಬೋರನ್ನು ನೋಡಿದ್ದ. ಎಷ್ಟು ತರಬೇತಿ ಕೊಟ್ಟರೂ 25.033ರ ನೋ-ಗೋ ಗೇಜು 25.028ರ ಬೋರನ್ನು ತಡೆಯುವುದಿಲ್ಲ. ಡ್ರಾಯಿಂಗ್ ಬದಲಾದ ಚೀಟಿಯಲ್ಲಿ ಗೇಜು ಬದಲಾಯಿತೇ ಎಂದು ಕೇಳುವ ಒಂದು ಕಾಲಂ ಇರಲಿಲ್ಲ, ಅದಕ್ಕೆ ಉತ್ತರ ಬರುವವರೆಗೆ ಹೊಸ ಲಾಟ್ ಶುರುವಾಗದಂತೆ ತಡೆಯುವವರೂ ಇರಲಿಲ್ಲ. ಅದನ್ನು ಸರಿಪಡಿಸಿದ ಮೇಲೆ ಆ ಸಾಲನ್ನು ಹೊಡೆದುಹಾಕಿಸಿದೆ. ತಪ್ಪಿಲ್ಲದವನ ಹೆಸರು ದಾಖಲೆಯಲ್ಲಿ ಉಳಿಯಬಾರದಿತ್ತು.

ಮಧ್ಯಾಹ್ನದ ಗೋಷ್ಠಿಗೆ ನಿಮ್ಮ ಕಾರ್ಖಾನೆಯ ಒಂದು ಜಾಬ್ ಕಾರ್ಡ್ ತರಲು ಹೇಳಿದ್ದೆವು. ಊಟವಾದ ಮೇಲೆ ನಾಲ್ಕು ನಾಲ್ಕು ಜನ ಕೂತು, ಡಿಸ್ಪ್ಯಾಚ್‌ನಿಂದ ಶುರುಮಾಡಿ ಗ್ರಾಹಕರ ಆರ್ಡರಿನವರೆಗೆ ಅದನ್ನು ಹಿಂದಕ್ಕೆ ಓದಿ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಜಾಬ್ ದಾಟಿದ ಪ್ರತಿ ಜಾಗಕ್ಕೂ ಒಂದು ಗುರುತು ಹಾಕಿ. ಸಂಜೆ ನಾವು ಮಾತಾಡುವುದು ಆ ಗುರುತುಗಳ ಬಗ್ಗೆ.