ಅಳವಂಡಿಯ ಶಿವಮೂರ್ತಿಸ್ವಾಮಿ

ಅಳವಂಡಿಗೆ ಮುಂಡರಗಿ ದೂರವೇನಲ್ಲ. ಆದರೆ 1947ರ ಆಗಸ್ಟ್ 15ರಂದು ಮುಂಡರಗಿ ಸ್ವತಂತ್ರ ಭಾರತದಲ್ಲಿತ್ತು, ಅಳವಂಡಿ ಇನ್ನೂ ಹೈದರಾಬಾದಿನ ನಿಜಾಮನ ಕೈಯಲ್ಲಿತ್ತು.

ಆ ಗಡಿಯನ್ನೇ ಆಸರೆ ಮಾಡಿಕೊಂಡವರು ಅಳವಂಡಿ ಶಿವಮೂರ್ತಿಸ್ವಾಮಿಯವರು. ಮುಂಡರಗಿಯ ಹೋರಾಟಗಾರರ ಶಿಬಿರದ ನಾಯಕರಾಗಿ, ಕೊಪ್ಪಳ ಸೀಮೆಯ ತರುಣರನ್ನು ಕಟ್ಟಿಕೊಂಡು ನಿಜಾಮನ ಪರವಾಗಿದ್ದ ರಜಾಕಾರರ ಪಡೆಗೆ ಎದುರು ನಿಂತರು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು, ನಿಜಾಮ ಶರಣಾದ.

ಗೆದ್ದ ಹೋರಾಟಗಾರ ಆಳುವ ಪಕ್ಷದ ನೆರಳಿಗೆ ಹೋಗುವುದು ಆ ಕಾಲದ ವಾಡಿಕೆ. ಇವರು ಹೋಗಲಿಲ್ಲ. 1952ರ ಮೊದಲ ಮಹಾಚುನಾವಣೆ, ಎಲ್ಲೆಲ್ಲೂ ನೆಹರೂ ಅಲೆ. ಆಗ ಹೈದರಾಬಾದ್ ರಾಜ್ಯದಲ್ಲಿದ್ದ ಕುಷ್ಟಗಿ ಕ್ಷೇತ್ರದ ಜನ ಮಾತ್ರ ಪಕ್ಷವಿಲ್ಲದ ಈ ಮನುಷ್ಯನನ್ನು ದಿಲ್ಲಿಗೆ ಕಳಿಸಿದರು. ಹೆಸರು, ನಂಬಿಕೆ ಎರಡೇ ಬಂಡವಾಳ ಎನ್ನಬೇಕು.

1957ರ ಹೊತ್ತಿಗೆ ಕರ್ನಾಟಕ ಒಂದಾಗಿತ್ತು, ಕ್ಷೇತ್ರದ ಹೆಸರೂ ಕೊಪ್ಪಳ ಎಂದಾಗಿತ್ತು. ಗೆದ್ದವರು ಕಾಂಗ್ರೆಸ್ಸಿನ ಸಂಗಣ್ಣ ಅಗಡಿ.

1962ರಲ್ಲಿ ಸ್ವಾಮಿಯವರು ಲೋಕ ಸೇವಕ ಸಂಘದಿಂದ ಮತ್ತೆ ಗೆದ್ದರು. ಕಾಂಗ್ರೆಸ್ಸನ್ನು ವಿಸರ್ಜಿಸಿ ಇದೇ ಹೆಸರಿನ ಸಂಸ್ಥೆ ಕಟ್ಟಿರೆಂದು ಗಾಂಧೀಜಿ ತಮ್ಮ ಕೊನೆಯ ದಿನಗಳಲ್ಲಿ ಬರೆದಿಟ್ಟಿದ್ದರು. ಕಾಂಗ್ರೆಸ್ಸು ಒಪ್ಪಲಿಲ್ಲ, ಕೊಪ್ಪಳದ ಮತದಾರ ಆ ಹೆಸರಿಗೆ ಲೋಕಸಭೆಯಲ್ಲೊಂದು ಕುರ್ಚಿ ಕೊಟ್ಟ.