ಮುಪ್ಪಿನ ಕಿರುಗಾವಲು

ಬನ್ನೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ನಮ್ಮ ಊರಿನ ಹೆಸರು ಕಿರುಗಾವಲು. ಈ ಹೆಸರಿನ ಹಿಂದಿನ ಚರಿತ್ರೆಯನ್ನು ಬಲ್ಲವರು ಹೇಳಲಿ. ಕಿವಿಗೆ ಬೀಳುವ ಅರ್ಥವಂತೂ ‘ಚಿಕ್ಕ ಕಾವಲು’ ಎಂಬುದು. ಇಂದು ನಾನು ಮಾತನಾಡಬೇಕೆಂದಿರುವುದೂ ಒಂದು ಚಿಕ್ಕ ಕಾವಲನ್ನು ಕುರಿತೇ. ಮುಪ್ಪಿನಲ್ಲಿ ಬಡವರಿಗೆ ಸರ್ಕಾರ ಕೊಡುವ ಮಾಸಾಶನ ಮತ್ತು ಅದನ್ನು ಪಡೆಯುವವರಿಗೆ ಗೊತ್ತುಮಾಡಿರುವ ಆದಾಯದ ಮಿತಿ, ಇವೆರಡರ ವಿಚಾರ. ವಿಷಯ ಒಣಲೆಕ್ಕದ್ದೆಂದು ತೋರಬಹುದು. ನಾನು ಬಹುಕಾಲ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು. ಆದರೂ ಈಚೆಗೆ ಒಂದು ಸಣ್ಣ ಭಾಗಾಕಾರದ ಮುಂದೆ ತಲೆತಗ್ಗಿಸಿ ಕುಳಿತೆ. ಅದನ್ನು ಕೇಳುಗರ ಮುಂದಿಡುತ್ತೇನೆ.

ಮೊದಲು ನನ್ನ ವಿಚಾರವನ್ನೇ ಹೇಳಿಬಿಡುವುದು ಪ್ರಾಮಾಣಿಕತೆ. ನನಗೂ ಪಿಂಚಣಿ ಬರುತ್ತದೆ. ಅದರೊಡನೆ ತುಟ್ಟಿಭತ್ಯೆ ಸೇರಿದೆ. ಬೆಲೆಗಳು ಏರಿದರೆ ಜನವರಿಯಿಂದ ಒಮ್ಮೆ, ಜುಲೈಯಿಂದ ಒಮ್ಮೆ ಅದನ್ನು ಹೆಚ್ಚಿಸುವ ಪದ್ಧತಿಯಿದೆ. ಆದೇಶ ಹೊರಡುವುದು ತಡವಾದರೆ ಹಿಂಬಾಕಿಯೂ ಬರುತ್ತದೆ. ಇದಕ್ಕಾಗಿ ನಾನು ಅರ್ಜಿ ಬರೆಯಬೇಕಾಗಿಲ್ಲ, ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಬೆಲೆ ಏರಿದರೆ ಮುದುಕನ ಹೊಟ್ಟೆಗೆ ಹಳೆಯ ಹಣ ಸಾಲದು ಎಂಬ ತಿಳಿವಳಿಕೆ ಸರ್ಕಾರಕ್ಕೆ ಇದೆ ಎನ್ನುವುದಕ್ಕೆ ನಾನೇ ಸಾಕ್ಷಿ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹೆಂಗಸಿದ್ದಾರೆ. ಎಪ್ಪತ್ತು ದಾಟಿದೆ. ನನಗಿಂತ ಹಿರಿಯರಾದ್ದರಿಂದ ಅಕ್ಕ ಎನ್ನುತ್ತೇನೆ. ಗಂಡನಿಲ್ಲ, ಜಮೀನಿಲ್ಲ. ಕಾಲುವೆಯಲ್ಲಿ ನೀರು ಬಿಟ್ಟ ದಿನಗಳಲ್ಲಿ ನಾಟಿ, ಆಮೇಲೆ ಕಳೆ, ಕೊನೆಗೆ ಕುಯ್ಲು, ಹೀಗೆ ಗದ್ದೆಯಿಂದ ಗದ್ದೆಗೆ ಹೋಗಿ ಬದುಕಿದ ಜೀವ. ಆಕೆಗೆ ಬರುವುದು ಸಂಧ್ಯಾ ಸುರಕ್ಷಾ ಯೋಜನೆಯ ಹಣ. 65 ವರ್ಷ ತುಂಬಿದ ಸಣ್ಣ ರೈತರು, ಕೃಷಿಕಾರ್ಮಿಕರು, ನೇಕಾರರು ಮೊದಲಾದವರಿಗಾಗಿ ನಮ್ಮ ರಾಜ್ಯ 2007ರಲ್ಲಿ ಈ ಯೋಜನೆಯನ್ನು ತಂದಾಗ ತಿಂಗಳಿಗೆ 400 ರೂಪಾಯಿ ಇತ್ತು. 2018ರ ನವೆಂಬರಿನಲ್ಲಿ ಅದು 600ರಿಂದ 1,000ಕ್ಕೆ ಏರಿತು. 2021ರಲ್ಲಿ 1,200 ಆಯಿತು. ಏರಿದ್ದು ನಿಜ, ಅದಕ್ಕೆ ಕೃತಜ್ಞರಾಗಿರೋಣ. ಆದರೆ ಪ್ರತಿಯೊಂದು ಏರಿಕೆಗೂ ಒಬ್ಬ ಮುಖ್ಯಮಂತ್ರಿ ಮನಸ್ಸು ಮಾಡಬೇಕಾಯಿತು. ನನ್ನ ತುಟ್ಟಿಭತ್ಯೆಯಂತೆ ಕಾಲಕಾಲಕ್ಕೆ ತಾನಾಗಿ ಬರುವ ಕ್ರಮ ಇದಕ್ಕಿಲ್ಲ.

ದೆಹಲಿಯ ಕಥೆ ಇನ್ನೂ ಚಿಕ್ಕದು. ಬಡ ವೃದ್ಧರಿಗಾಗಿ ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ತಿಂಗಳಿಗೆ 75 ರೂಪಾಯಿಯ ನೆರವನ್ನು ಆರಂಭಿಸಿತು. 2006ರಲ್ಲಿ ಅದನ್ನು 200 ಮಾಡಿತು. 2011ರಲ್ಲಿ ಎಂಬತ್ತು ತುಂಬಿದವರ ಪಾಲನ್ನು 500ಕ್ಕೆ ಏರಿಸಿ, ವಯಸ್ಸಿನ ಮಿತಿಯನ್ನು 65ರಿಂದ 60ಕ್ಕೆ ಇಳಿಸಿತು. ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನವರಿಗೆ ಕೇಂದ್ರದ ಪಾಲು ಮಾತ್ರ 200ರಲ್ಲಿಯೇ ನಿಂತಿತು.

ನಿಂತಿತು ಎಂದೆ. ಹಣ ನಿಂತಲ್ಲಿಯೇ ನಿಂತರೆ ಅದು ಇಳಿಯಿತೆಂದೇ ಅರ್ಥ. ಇದನ್ನು ಅಳೆಯಲು ರೂಪಾಯಿಯನ್ನು ಬಿಟ್ಟು ಬೇರೊಂದು ಅಳತೆಗೋಲನ್ನು ಹಿಡಿಯೋಣ. 2005ರ ಉದ್ಯೋಗ ಖಾತರಿ ಕಾಯಿದೆಯ ಮೇರೆಗೆ ಒಂದು ದಿನದ ಕೂಲಿಯನ್ನು ಸರ್ಕಾರವೇ ಗೊತ್ತುಮಾಡುತ್ತಿತ್ತು. ಕೃಷಿಕಾರ್ಮಿಕರು ಕೊಳ್ಳುವ ಪದಾರ್ಥಗಳ ಬೆಲೆಸೂಚಿಯನ್ನು ನೋಡಿ, ವರ್ಷವರ್ಷವೂ ಹೊಸ ದರವನ್ನು ಪ್ರಕಟಿಸುತ್ತಿತ್ತು. ಕರ್ನಾಟಕದಲ್ಲಿ ಆ ಕೂಲಿ 2011ರಲ್ಲಿ 125 ರೂಪಾಯಿ, 2025ರಲ್ಲಿ 370 ರೂಪಾಯಿ. ದೆಹಲಿಯ 200 ರೂಪಾಯಿ 2011ರಲ್ಲಿ ಒಂದೂವರೆ ದಿನಕ್ಕಿಂತ ಹೆಚ್ಚಿನ ಕೂಲಿಗೆ ಸಮನಾಗಿತ್ತು. 2025ರಲ್ಲಿ ಅರ್ಧ ದಿನದ ಕೂಲಿಯನ್ನು ತುಸು ದಾಟುತ್ತಿತ್ತು, ಅಷ್ಟೆ. ನಮ್ಮ ಸಂಧ್ಯಾ ಸುರಕ್ಷಾದ 1,200 ರೂಪಾಯಿ, 2021ರ 289 ರೂಪಾಯಿ ಕೂಲಿಯಂತೆ, ನಾಲ್ಕು ದಿನದ ದುಡಿಮೆಗೆ ಸಮ. 2025ರ ಕೂಲಿಯಂತೆ ಮೂರು ದಿನ ಮತ್ತು ಒಂದು ಪಾವು. ಯಾರೂ ಕಡಿತದ ಆದೇಶ ಹೊರಡಿಸಲಿಲ್ಲ, ಯಾರೂ ಸಹಿ ಹಾಕಲಿಲ್ಲ. ಕಡಿತ ಮಾತ್ರ ಆಗಿಹೋಯಿತು.

ಇನ್ನು ಆದಾಯದ ಮಿತಿ. ಮಾಸಾಶನ ಪಡೆಯುವವರ ವರ್ಷದ ಆದಾಯ 32,000 ರೂಪಾಯಿಯ ಒಳಗಿರಬೇಕು. ಅದಕ್ಕೆ ನಾಡಕಚೇರಿಯ ಪ್ರಮಾಣಪತ್ರ ಬೇಕು. ನಮ್ಮೂರು ಹೋಬಳಿಯ ಕೇಂದ್ರವಾದ್ದರಿಂದ ಅಕ್ಕನಿಗೆ ದೂರ ನಡೆಯುವ ಕಷ್ಟವಿಲ್ಲ. ಕಷ್ಟವಿದ್ದುದು ಬೇರೆ. 2023ರಲ್ಲಿ ಒಂದು ಸಂಜೆ ಬಂದು ಜಗುಲಿಯಲ್ಲಿ ಕುಳಿತು ಕೇಳಿದರು: “ಮೇಷ್ಟ್ರೇ, ನಾನು ವರ್ಷಕ್ಕೆ ಎಷ್ಟು ದಿನ ಕೂಲಿಗೆ ಹೋದ್ರೆ ಈ ದುಡ್ಡು ನಿಂತೋಯ್ತದೆ? ಲೆಕ್ಕ ಹಾಕಿ ಯೋಳಿ.”

ಗದ್ದೆಯ ಕೂಲಿ ದಿನಕ್ಕೊಂದು ಬಗೆ. ಆದ್ದರಿಂದ ನಾನು ಸರ್ಕಾರದ ಕೂಲಿಯನ್ನೇ ಹಿಡಿದೆ. ಆ ವರ್ಷ ಅದು 316 ರೂಪಾಯಿ. 32,000ವನ್ನು 316ರಿಂದ ಭಾಗಿಸಿದರೆ ನೂರೊಂದು ದಿನ ಬರುತ್ತದೆ. ಹೇಳಿದೆ. ಅಕ್ಕ ಮನೆಗೆ ಹೋಗಿ ಅಡಿಗೆಮನೆಯ ಗೋಡೆಯ ಮೇಲೆ, ದುಡಿದ ದಿನಕ್ಕೊಂದರಂತೆ ಇದ್ದಿಲಿನ ಗೆರೆ ಎಳೆಯತೊಡಗಿದರು. ಮರುವರ್ಷ ಮತ್ತೆ ಬಂದರು. ಕೂಲಿ 349 ಆಗಿತ್ತು. ಭಾಗಿಸಿದರೆ ತೊಂಬತ್ತೊಂದು ದಿನ. 2025ರಲ್ಲಿ ಕೂಲಿ 370, ದಿನಗಳು ಎಂಬತ್ತಾರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕೂಲಿ ಜಾಸ್ತಿಯಾದ್ರೆ ಗೆರೆ ಕಮ್ಮಿಯಾಗ್ಬೇಕು ಅಂತ ಯಾವ ಪುಸ್ತಕದಲ್ಲೈತೆ ಮೇಷ್ಟ್ರೇ?” ಎಂದರು.

ಪುಸ್ತಕದಲ್ಲಿ ಇದೆ. ನಾನೇ ಪಾಠ ಹೇಳಿದ್ದೇನೆ. ಭಾಜ್ಯ ಬದಲಾಗದೆ ಭಾಜಕ ಹೆಚ್ಚಿದರೆ ಭಾಗಲಬ್ಧ ಕಡಿಮೆಯಾಗುತ್ತದೆ. ಆದರೆ ಆ ಮಾತನ್ನು ಆಕೆಯ ಮುಖ ನೋಡಿ ಹೇಳಲು ನಾಲಗೆ ಏಳಲಿಲ್ಲ. ಆ ವರ್ಷ ಕುಯ್ಲಿಗೆ ಆಳು ಸಿಗದೆ ಜನ ಮನೆಮನೆಗೆ ಬಂದು ಕರೆಯುತ್ತಿದ್ದಾಗ, ಗೆರೆ ತುಂಬಿತೆಂದು ಅಕ್ಕ ಬಾಗಿಲಲ್ಲಿ ಕುಳಿತಿದ್ದರು. ಕೈಯಲ್ಲಿ ಇನ್ನೂ ಶಕ್ತಿಯಿತ್ತು.

ಇದು ಒಬ್ಬರ ಮನೆಯ ಗೋಡೆಯ ಮಾತಲ್ಲ. ಅದೇ 2005ರ ಕಾಯಿದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಕೆಲಸದ ಭರವಸೆ ಕೊಟ್ಟಿತ್ತು. 2023ರ ಕೂಲಿಯಂತೆ ನೂರು ದಿನಕ್ಕೆ 31,600 ರೂಪಾಯಿ, ಮಿತಿಯ ಒಳಗೆ. 2024ರ ಕೂಲಿಯಂತೆ 34,900, ಮಿತಿಯ ಹೊರಗೆ. ದುಡಿದ ದಿನ ಅಷ್ಟೇ, ಹೊತ್ತ ಮಣ್ಣೂ ಅಷ್ಟೇ. ಒಂದು ಅಂಕಿ ಚಲಿಸಿ ಇನ್ನೊಂದು ಚಲಿಸದೆ ಇದ್ದುದರಿಂದ, ನಿನ್ನೆಯ ಬಡವ ಲೆಕ್ಕದಲ್ಲಿ ಅನುಕೂಲಸ್ಥನಾದ.

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ? ಅಮೆರಿಕದಲ್ಲಿ 1972ರ ಕಾನೂನಿನಂತೆ, 1975ರಿಂದ ವೃದ್ಧರ ಪಿಂಚಣಿ ಬೆಲೆಗಳೊಡನೆ ತಾನಾಗಿ ಏರುತ್ತದೆ. ಪೂರ್ಣ ನಿವೃತ್ತಿಯ ವಯಸ್ಸಿಗೆ ಮುನ್ನ ಪಿಂಚಣಿ ಪಡೆಯುತ್ತ ದುಡಿಯುವವರಿಗೆ ಅಲ್ಲಿಯೂ ಗಳಿಕೆಯ ಮಿತಿಯುಂಟು. ಆದರೆ ಆ ಮಿತಿ ದೇಶದ ಸರಾಸರಿ ವೇತನದ ಜೊತೆಗೆ ಮೇಲೇರುತ್ತದೆ. ದಾಟಿದರೂ, ಮೀರಿದ ಎರಡು ಡಾಲರಿಗೆ ಒಂದು ಡಾಲರಿನಂತೆ ಕಡಿತ. ಒಂದೇ ಏಟಿಗೆ ಎಲ್ಲವೂ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ ವೃದ್ಧರ ಪಿಂಚಣಿಯ ದರ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಅವರ ಸಂಪತ್ತು ನಮಗಿಲ್ಲ, ಒಪ್ಪುತ್ತೇನೆ. ಆದರೆ ನಾನು ಹೇಳುತ್ತಿರುವುದು ಅವರ ಮೊತ್ತವನ್ನಲ್ಲ, ಅವರ ಕ್ರಮವನ್ನು.

ಇದಕ್ಕೆ ಎದುರು ವಾದವೂ ಉಂಟು. ನಮ್ಮ ಸಂವಿಧಾನದ 41ನೆಯ ವಿಧಿ ಮುಪ್ಪಿನಲ್ಲಿ ನೆರವು ನೀಡಬೇಕೆನ್ನುವಾಗಲೇ, ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂದೂ ಹೇಳುತ್ತದೆ. ಸೂಚಿಗೆ ಕಟ್ಟಿಹಾಕಿದರೆ ಔದಾರ್ಯಕ್ಕೆ ಎಡೆಯಿಲ್ಲದಂತಾದೀತು ಎನ್ನುವವರಿದ್ದಾರೆ. 600 ರೂಪಾಯಿಯನ್ನು ಒಮ್ಮೆಗೇ 1,000 ಮಾಡಿದ್ದು ಯಾವ ಸೂಚಿಯೂ ಅಲ್ಲ, ಒಂದು ಮನಸ್ಸು. ಸೂಚಿಯೂ ಕೆಲವೊಮ್ಮೆ ಕೃಪಣ: 2018ರಲ್ಲಿ 249 ಇದ್ದ ಕರ್ನಾಟಕದ ಕೂಲಿ 2019ರಲ್ಲಿಯೂ 249 ಆಗಿಯೇ ಉಳಿಯಿತು. ಈ ಮಾತುಗಳಲ್ಲಿ ಸತ್ಯವಿದೆ. ಆದರೂ ಔದಾರ್ಯ ಬರುವತನಕ ಕಾಯುವ ವರ್ಷಗಳಲ್ಲಿ ಮುದುಕರು ಊಟ ಮಾಡಬೇಕಲ್ಲ! ಸೂಚಿ ನೆಲಗಟ್ಟಾಗಲಿ, ಔದಾರ್ಯ ಅದರ ಮೇಲೆ ಮನೆ ಕಟ್ಟಲಿ.

ನನ್ನ ಬಿನ್ನಹ ದೊಡ್ಡದೇನಲ್ಲ. ನಿವೃತ್ತ ನೌಕರನ ಹಸಿವನ್ನು ಬೆಲೆಯೊಡನೆ ಅಳೆಯುವ ಸರ್ಕಾರ, ಕೂಲಿ ಮಾಡಿ ಮುದುಕಾದವರ ಹಸಿವನ್ನೂ ಹಾಗೆಯೇ ಅಳೆಯಲಿ. ವರ್ಷಕ್ಕೊಂದು ಸಲ, ಮಾಸಾಶನದ ದರವೂ ಆದಾಯದ ಮಿತಿಯೂ ಜೊತೆಜೊತೆಯಾಗಿ ಏರಲಿ. ನನ್ನ ತುಟ್ಟಿಭತ್ಯೆಯ ಹಿಂಬಾಕಿ ಬಂದಾಗಲೆಲ್ಲ ಆ ಗೋಡೆಯ ನೆನಪಾಗುತ್ತದೆ. ಎಂಬತ್ತಾರು ಗೆರೆಗಳ ಪಕ್ಕದಲ್ಲಿ ಇನ್ನಷ್ಟು ಗೆರೆ ಹಿಡಿಸುವ ಜಾಗ ಇನ್ನೂ ಖಾಲಿಯಿದೆ. ಅಕ್ಕ ಅದನ್ನು ಗುಡಿಸಿ ಸಾರಿಸಿ ಹಾಗೆಯೇ ಇಟ್ಟುಕೊಂಡಿದ್ದಾರೆ.