ವರಳಿಯ ಕಪ್ಪೆಗಳು, ಬೊಂಬಾಯಿಯ ವೈದ್ಯರು

ಮುಂಬಯಿಯ ಬೈಕುಲ್ಲಾದಲ್ಲಿ, ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹೊರಗೆ ಕಲ್ಲಿನ ಆನೆಯೊಂದು ನಿಂತಿದೆ. ಘಾರಾಪುರಿ ದ್ವೀಪದಿಂದ ತಂದ ಈ ಆನೆ ಬಸಾಲ್ಟ್ ಶಿಲೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು ಹರಿದ ಲಾವಾರಸ ಆರಿ ಗಟ್ಟಿಯಾದ ಕಲ್ಲಿನ ಕುಲಕ್ಕೆ ಅದು ಸೇರುತ್ತದೆ. ವಿಜಯಪುರ, ಬೀದರ ಜಿಲ್ಲೆಗಳ ಕರಿಗಲ್ಲೂ ಅದೇ ಕುಲದ್ದು.

ಬೆಂಕಿಯಿಂದ ಹುಟ್ಟಿದ ಇಂಥ ಕಲ್ಲಿನ ನಾಡಿನಲ್ಲಿ ಜೀವಿಗಳ ಪಳೆಯುಳಿಕೆ ದೊರೆಯುವುದೆಂತು? ಲಾವಾರಸ ಒಂದೇ ಸಲಕ್ಕೆ ಹರಿದುದಲ್ಲ. ಎರಡು ಹರಿವುಗಳ ನಡುವಿನ ದೀರ್ಘ ಬಿಡುವಿನಲ್ಲಿ ಕೆರೆಕುಂಟೆಗಳು ತುಂಬುತ್ತಿದ್ದವು. ಸತ್ತ ಜೀವಿಗಳು ತಳದ ಕೆಸರಿನಲ್ಲಿ ಹುದುಗುತ್ತಿದ್ದವು. ಮುಂದಿನ ಹರಿವು ಆ ಕೆಸರನ್ನು ಮುಚ್ಚಿಬಿಡುತ್ತಿತ್ತು. ವರಳಿಯ ಗುಡ್ಡದ ಅಂಥ ಪದರಿನಲ್ಲಿ ದೊರೆತ ಪುಟ್ಟ ಕಪ್ಪೆಗಳ ಅಸ್ಥಿಪಂಜರಗಳನ್ನು 1847ರಲ್ಲಿ ಲಂಡನ್ನಿನ ರಿಚರ್ಡ್ ಓವೆನ್ ವರ್ಣಿಸಿ, 'ರಾನಾ ಪುಸಿಲ್ಲಾ' ಎಂದು ಹೆಸರಿಟ್ಟರು.

ಬೊಂಬಾಯಿಯಲ್ಲಿ ಈ ಶಿಲೆಗಳನ್ನು ಅಭ್ಯಸಿಸಿದವರಲ್ಲಿ ಮುಖ್ಯರಾದ ಹೆನ್ರಿ ಜಾನ್ ಕಾರ್ಟರ್ ವೃತ್ತಿಯಿಂದ ಶಸ್ತ್ರವೈದ್ಯರು. (ಅದೇ ನಗರದ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಬೋಧಿಸಿದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಬೇರೆಯವರು, ಇಬ್ಬರೂ ವೈದ್ಯರಾದುದರಿಂದ ಗೊಂದಲ ಸಹಜ.) ಬೊಂಬಾಯಿ ದ್ವೀಪದ ಭೂರಚನೆಯನ್ನು ಕುರಿತ ಅವರ ಬರಹ 1852ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಬೊಂಬಾಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಲ್ಲಿ ದೊರೆತ ಸಿಹಿನೀರಿನ ಆಮೆಯೊಂದರ ಪಳೆಯುಳಿಕೆಗೆ ಅವರು ಮತ್ತೊಬ್ಬ ವೈದ್ಯರಾದ ಲೀತ್ ಅವರ ಹೆಸರನ್ನಿಟ್ಟರು. ಭೂವಿಜ್ಞಾನ ಇವರ ಉದ್ಯೋಗವಾಗಿರಲಿಲ್ಲ. ಕಂಡುದನ್ನು ಬರೆದು ಬಲ್ಲವರ ಮುಂದಿಡುವುದು, ಹೋಲಿಕೆಗೆ ಮಾದರಿಗಳನ್ನು ಕೂಡಿಡುವುದು, ತಪ್ಪನ್ನು ತಿದ್ದಿಸಿಕೊಳ್ಳುವುದು, ಇವೇ ಅಂದಿನ ಹವ್ಯಾಸಿಗಳ ಪಾಠಶಾಲೆ. ತಿದ್ದುಪಡಿ ಓವೆನ್‌ರಂಥವರನ್ನೂ ಬಿಡಲಿಲ್ಲ: 1930ರಲ್ಲಿ ಅಮೆರಿಕದ ನೋಬಲ್ ಈ ಕಪ್ಪೆಯನ್ನು ರಾನಾ ಕುಲದಿಂದ ಹೊರತಂದು 'ಇಂಡೋಬಟ್ರಾಕಸ್' ಎಂಬ ಹೊಸ ಕುಲ ಕಲ್ಪಿಸಿದರು. ಅದರ ಬಂಧುಗಳನ್ನು ಅವರು ಕಂಡುದು ದೂರದ ಆಸ್ಟ್ರೇಲಿಯದಲ್ಲಿ!

1872ರಲ್ಲಿ ಸಾರ್ವಜನಿಕರಿಗೆ ತೆರೆದ ಬೈಕುಲ್ಲಾದ ಸಂಗ್ರಹಾಲಯವನ್ನು ಕಟ್ಟಲು ಶ್ರಮಿಸಿದ ಜಾರ್ಜ್ ಬರ್ಡ್‌ವುಡ್ ಮತ್ತು ಭಾವು ದಾಜಿ ಇಬ್ಬರೂ ವೈದ್ಯರೇ ಎಂಬುದು ಗಮನಾರ್ಹ.

ಇಂದು ವರಳಿಯ ಬಹುಭಾಗವನ್ನು ಕಟ್ಟಡಗಳು ಮುಚ್ಚಿವೆ. ಹೊಸ ಅಡಿಪಾಯ ಅಗೆದಾಗ ಆ ಪದರು ಕೆಲವು ದಿನ ಬೆಳಕು ಕಂಡರೂ ಕಾಣಬಹುದು. ಕಾಂಕ್ರೀಟು ಬಿದ್ದ ಮೇಲೆ ಕಾಣದು. ಆಸಕ್ತರು ಕಲ್ಲನ್ನು ಕಿತ್ತು ಮನೆಗೊಯ್ಯುವ ಮೊದಲು ಅದು ಇದ್ದಲ್ಲಿಯೇ ಛಾಯಾಚಿತ್ರ ತೆಗೆದು, ಸ್ಥಳ, ಆಳ, ಪದರುಗಳನ್ನು ಬರೆದಿಟ್ಟು ಭೂವಿಜ್ಞಾನಿಗಳಿಗೆ ತಿಳಿಸಬೇಕು. ಎಲ್ಲಿಯದೆಂದು ಗೊತ್ತಿಲ್ಲದ ಪಳೆಯುಳಿಕೆ ಕಪಾಟಿನ ಅಲಂಕಾರಕ್ಕಷ್ಟೇ ಸಲ್ಲುತ್ತದೆ.

ಕರ್ನಾಟಕದಲ್ಲಿಯೂ ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ಲಾವಾ ಹರಿವುಗಳ ನಡುವಣ ಇಂಥ ಪದರುಗಳಿವೆ. ಅಲ್ಲಿನ ಸೂಕ್ಷ್ಮ ಚಿಪ್ಪುಗಳನ್ನು ನೋಡಲು ಮಾತ್ರ ಬರಿಗಣ್ಣು ಸಾಲದು, ಭೂತಗನ್ನಡಿ ಬೇಕು.